ಕೆನ್ನೆಯ ಹೆಪ್ಪು

ನನ್ನ ಚಿಕ್ಕಮ್ಮ ಊರಿನವರ ಮುಖದ ಮೇಲಿನ ಮೊಡವೆ ತೆಗೆದೇ ಬದುಕಿದವಳು. ಅವಳು ಡಾಕ್ಟರೂ ಅಲ್ಲ, ಪಾರ್ಲರಿನವಳೂ ಅಲ್ಲ. ಬಸ್ ನಿಲ್ದಾಣದ ಹಿಂದಿನ ಬೀದಿಯ ಫೋಟೋ ಸ್ಟುಡಿಯೋದಲ್ಲಿ ಟಚಿಂಗ್, ಅಂದರೆ ಫೋಟೋದ ಮುಖ ತಿದ್ದುವ ಕೆಲಸ, ಮಾಡುತ್ತಿದ್ದಳು. ಮುಂದಿನ ಕೋಣೆಯಲ್ಲಿ ಗಾಜಿನ ಕೌಂಟರು, ನಡುವಿನ ಕೋಣೆಯಲ್ಲಿ ನೀಲಿ ಪರದೆ, ಒಂದು ಸ್ಟೂಲು, ಎರಡು ಬಿಳಿ ಕೊಡೆ ದೀಪ. ಅದರ ಹಿಂದೆ ಕಿಟಕಿಯೇ ಇಲ್ಲದ ಸಣ್ಣ ಕೋಣೆ. ಫಿಲ್ಮಿನ ಕಾಲದಲ್ಲಿ ಅದು ಕತ್ತಲೆಕೋಣೆಯಾಗಿತ್ತು. ಈಗ ಅಲ್ಲಿ ಚಿಕ್ಕಮ್ಮ, ಅವಳ ಕಂಪ್ಯೂಟರು, ಒಂದು ಟೇಬಲ್ ಫ್ಯಾನು. ಗೋಡೆ ಹಿಡಿದು ಕೂತಿದ್ದ, ಫಿಲ್ಮು ತೊಳೆಯುವ ರಾಸಾಯನಿಕದ ಹುಳಿ ವಾಸನೆ ಮಾತ್ರ ಇನ್ನೂ ಬಿಟ್ಟಿರಲಿಲ್ಲ.

ಊರಿನವರಿಗೆ ಅವಳು ಟಚಪ್ ಅಕ್ಕ. ನಮಗೆ ಅಮ್ಮನ ತಂಗಿ, ನಮ್ಮ ಮನೆಯಲ್ಲೇ ಇದ್ದವಳು. ಮದುವೆ ಯಾಕಾಗಲಿಲ್ಲ ಎಂದು ಯಾರಾದರೂ ಕೆದಕಿದರೆ, "ನಿಮ್ಮೆಲ್ಲರ ಮೊಡವೆ ತೆಗೆಯೋ ಗಡಿಬಿಡೀಲಿ ಮದುವೆ ಮರ್ತೇಹೋಯ್ತು ನೋಡಿ" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಅವಳು ಕೆಲಸ ಕಲಿತದ್ದು ನೆಗೆಟಿವಿನ ಮೇಲೆ. ಓರೆ ಗಾಜಿನ ಮೇಲೆ ನೆಗೆಟಿವ್ ಇಟ್ಟು, ಹಿಂದಿನಿಂದ ದೀಪ ಹಾಕಿ, ಸೂಜಿಯಂತೆ ಚೂಪು ಮಾಡಿದ ಪೆನ್ಸಿಲಿನಿಂದ ಒಂದೊಂದು ಮೊಡವೆಯನ್ನೂ ಮುಚ್ಚಬೇಕಿತ್ತು. ನೆಗೆಟಿವಿನಲ್ಲಿ ಹಲ್ಲು ಕಪ್ಪು, ಕಣ್ಣಿನ ಗೊಂಬೆ ಬಿಳಿ. "ಅಷ್ಟು ವರ್ಷ ದೆವ್ವಗಳ ಜೊತೆ ಕೂತಿದ್ದೆ, ಒಂದಾದ್ರೂ ಮಾತಾಡಿಸ್ಲಿಲ್ಲ" ಎನ್ನುತ್ತಿದ್ದಳು. ಆ ಅಭ್ಯಾಸವೋ ಏನೋ, ಯಾರೊಡನೆ ಮಾತಾಡುವಾಗಲೂ ಅವಳ ದೃಷ್ಟಿ ಕಣ್ಣಿನ ಮೇಲೆ ನಿಲ್ಲುತ್ತಿರಲಿಲ್ಲ. ಕೆನ್ನೆಗೆ ಇಳಿಯುತ್ತಿತ್ತು, ಅಲ್ಲಿಂದ ಗಲ್ಲಕ್ಕೆ. ಮೊದಲ ಸಲ ನೋಡಿದವರು ಏನೋ ಮೆತ್ತಿಕೊಂಡಿದೆಯೆಂದು ಕೆನ್ನೆ ಒರೆಸಿಕೊಳ್ಳುತ್ತಿದ್ದರು.

ನಾನು ಹೈಸ್ಕೂಲು ಮುಗಿಸುವ ಹೊತ್ತಿಗೆ ನನ್ನ ಮುಖದ ಮೇಲೆ ಮೊಡವೆ ಎದ್ದವು. ಅಪ್ಪನಿಗೆ ಅದೊಂದು ತಮಾಷೆ. "ಬೇರೆಯವ್ರ ಹೆಣ್ಮಕ್ಳು ಒಡವೆ ಬೇಕು ಅಂತ ಹಟ ಮಾಡ್ತಾರೆ. ನಮ್ಮವಳು ಮೊಡವೇಲೇ ಮುಗಿಸ್ಕೊಂಡ್ಳು, ಬಂಗಾರದಂಥ ಮಗಳು" ಎಂದು ನಗುತ್ತಿದ್ದ. ನಾನು ಸಿಟ್ಟಿಗೆದ್ದು ಬಚ್ಚಲಲ್ಲಿ ನಿಂತು ಸೋಪು ಹಾಕಿ ತಿಕ್ಕುತ್ತಿದ್ದೆ. ಒಂದು ದಿನ ಚಿಕ್ಕಮ್ಮ ನನ್ನ ಗಲ್ಲ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿದಳು.

"ತಿಕ್ಬೇಡ ಕಣೇ, ಇದು ಕೊಳೆ ಅಲ್ಲ. ಚರ್ಮದ ಒಳಗಿನ ಎಣ್ಣೆ ಇದು. ಈ ವಯಸ್ಸಲ್ಲಿ ಜಾಸ್ತಿ ಒಸರತ್ತೆ, ಸತ್ತ ಚರ್ಮದ ಜೊತೆ ಸೇರಿ ರಂಧ್ರಕ್ಕೆ ಬಿರಡೆ ಹಾಕತ್ತೆ. ಬಾಯಿ ತೆರೆದಿದ್ರೆ ಗಾಳಿ ತಾಗಿ ಕಪ್ಪಾಗತ್ತೆ, ನಿನ್ ಮೂಗಿನ ಮೇಲಿದೆಯಲ್ಲ, ಹಾಗೆ. ಬಾಯಿ ಮುಚ್ಚಿದ್ರೆ ಇಗೋ, ಬಿಳೀ ಕಾಳು."

"ಮತ್ತೆ ಈ ಕೆಂಪಂದು?"

"ಅದೇ ಬಿರಡೆ ಹಿಂದೆ ಕ್ರಿಮಿ ಬೆಳೆದು ಊದ್ಕೊಂಡಿರೋದು. ತುದೀಲಿ ಕೀವು ತುಂಬಿದ್ರೆ ಫೋಟೋದಲ್ಲಿ ಮಿಣುಕ್ ಅಂತ ಹೊಳೆಯತ್ತೆ. ಎಲ್ಲಕ್ಕಿಂತ ಕೆಟ್ಟದ್ದು ಆಳದ ಗಂಟು. ಅದಕ್ಕೆ ದಡವೇ ಇಲ್ಲ, ಎಲ್ಲಿ ಶುರು ಎಲ್ಲಿ ಮುಗೀತು ಗೊತ್ತಾಗಲ್ಲ. ಹಿಸುಕಿದ್ಯೋ, ಗುಳಿ ಬಿದ್ದು ಜೀವಮಾನ ಇರತ್ತೆ."

ಇದನ್ನೆಲ್ಲ ಅವಳು ಚರ್ಮದ ಡಾಕ್ಟರಮ್ಮನಿಂದ ಕಲಿತಿದ್ದಳು. ಡಾಕ್ಟರಮ್ಮ ರೋಗಿಗಳ ಮುಖದ ಫೋಟೋಗಳನ್ನು ಪ್ರಿಂಟ್ ಹಾಕಿಸಲು ಸ್ಟುಡಿಯೋಗೆ ಬರುತ್ತಿದ್ದರು, ಕಾಯುವಾಗ ಚಿಕ್ಕಮ್ಮನಿಗೆ ಪಾಠ ಹೇಳುತ್ತಿದ್ದರು. ಹಣೆಯ ಮೇಲಷ್ಟೇ ಇದ್ದರೆ ತಲೆಯ ಎಣ್ಣೆ ಇಳಿಯುತ್ತಿದೆ, ಗಲ್ಲದ ಅಂಚಿನಲ್ಲಿ ಸಾಲಾಗಿದ್ದರೆ ಹೆಲ್ಮೆಟ್ಟಿನ ಪಟ್ಟಿ ಉಜ್ಜುತ್ತಿದೆ, ತಿಂಗಳಿಗೊಮ್ಮೆ ಗಲ್ಲದಲ್ಲೇ ಎದ್ದರೆ ಅದು ಹಾರ್ಮೋನಿನ ಆಟ. ಅಪ್ಪನಿಗೋ ಅಮ್ಮನಿಗೋ ಇದ್ದಿದ್ದರೆ ಮಕ್ಕಳಿಗೂ ಬರುವುದು ಹೆಚ್ಚು.

"ನಿಂದು ಒಳ್ಳೇ ಮೊಡವೆ ಕಣೇ" ಎಂದು ಚಿಕ್ಕಮ್ಮ ನನ್ನ ಗಲ್ಲ ಬಿಟ್ಟಳು. "ಕೂಡು ಕುಟುಂಬ. ಒಣಗಿದ ಅಜ್ಜಿ ಕಲೆ, ಮಾಗಿದ ಅಮ್ಮ, ಈಗ ಕಣ್ಣು ಬಿಡ್ತಿರೋ ಮಗು, ಎಲ್ಲಾ ಒಂದೇ ಮನೇಲಿದ್ದಾರೆ. ನಿಜವಾದ ಮೊಡವೆ ಇರೋದೇ ಹೀಗೆ." ಆಗ ನನಗೆ ಆ ಮಾತು ಬರೀ ನಗೆಚಾಟಿಕೆಯೆನಿಸಿತ್ತು.

ಅಕ್ಕನ ಮುಖ ಮಾತ್ರ ಬೇರೆ. ನನಗಿಂತ ಐದಾರು ವರ್ಷ ದೊಡ್ಡವಳಾದ ಅವಳ ಕೆನ್ನೆಯಲ್ಲಿ ಒಂದು ಚುಕ್ಕೆ ಇರಲಿಲ್ಲ. ಅವಳ ಮುಖದಲ್ಲಿ ಐಬು ಅಂತಿದ್ದರೆ ಎಡಗಿವಿಯ ಹಾಲೆ ಒಂದೇ. ಎಳೆಮಗುವಾಗಿದ್ದಾಗ ನಾನು ಅವಳ ಓಲೆ ಹಿಡಿದು ಎಳೆದು ತೂತು ಹರಿದಿದ್ದೆ, ಹಾಲೆ ಸೀಳಿದಂತೆಯೇ ಮಾಗಿತ್ತು. ಅವಳು ಕಾಲೇಜಿಗೆ ಸೇರಿದ ವರ್ಷ ಚಿಕ್ಕಮ್ಮ ಅವಳನ್ನು ಸ್ಟೂಲಿನ ಮೇಲೆ ಕೂರಿಸಿ ಫೋಟೋ ತೆಗೆದು, ಬಲಗೆನ್ನೆಯ ಒಂದು ತುಂಡನ್ನು ಕತ್ತರಿಸಿ ಕಂಪ್ಯೂಟರಿನಲ್ಲಿ ಎತ್ತಿಟ್ಟಳು. ಅದಕ್ಕೆ ಇಟ್ಟ ಹೆಸರು 'ಹೆಪ್ಪು'.

ಮೊಡವೆ ತೆಗೆಯುವುದೆಂದರೆ ಅದೇ ಮುಖದ ಚೊಕ್ಕ ಚರ್ಮವನ್ನು ಸ್ವಲ್ಪ ಎತ್ತಿ ಮೊಡವೆಯ ಮೇಲೆ ಕೂರಿಸುವುದು. ಎಲ್ಲೂ ಚೊಕ್ಕ ಜಾಗವೇ ಇಲ್ಲದ ಮುಖ ಬಂದರೆ ಚಿಕ್ಕಮ್ಮ ಅಕ್ಕನ ಕೆನ್ನೆಯಿಂದ ಒಂದು ಚೂರು ಎತ್ತಿ, ಬಣ್ಣ ಹೊಂದಿಸಿ, ಸವರಿಬಿಡುತ್ತಿದ್ದಳು. "ಒಂದು ಚಮಚ ಹಾಕಿದ್ರೆ ಸಾಕು, ಇಡೀ ಮುಖ ಹೆಪ್ಪುಗಟ್ಟತ್ತೆ. ಅಕ್ಕಂಗೆ ಹೇಳ್ಬೇಡ, ಜಂಬ ಬರತ್ತೆ" ಎಂದು ನನಗೆ ತೋರಿಸಿದ್ದಳು. ಪರದೆಯ ಮೇಲೆ ಆ ತುಂಡು ಒಂದೇ ಇತ್ತು. ಕಣ್ಣಿಲ್ಲ, ಬಾಯಿಲ್ಲ. ನನಗೆ ಯಾಕೋ ಅದನ್ನು ಹೆಚ್ಚು ಹೊತ್ತು ನೋಡಲಾಗಲಿಲ್ಲ.

ಅಕ್ಕ ಓದು ಮುಗಿಸಿ ಒಂದು ಹೋಟೆಲಿನ ರಿಸೆಪ್ಷನ್ನಿಗೆ ಸೇರಿದಳು. ಆರು ತಿಂಗಳಾದ ಮೇಲೆ ಕಾಯಂ ಮಾಡುತ್ತೇವೆ ಎಂದಿದ್ದರು. ಆ ಕೆಲಸ ಅವಳಿಗೆ ಪ್ರಾಣ. ಅದೇ ಹೊತ್ತಿಗೆ ಅವಳ ಗಲ್ಲದಲ್ಲಿ ತಿಂಗಳಿಗೊಮ್ಮೆ ನಾಲ್ಕಾರು ಗುಳ್ಳೆ ಏಳತೊಡಗಿದವು. ನನ್ನ ಮುಖದ ಮುಂದೆ ಅವು ಏನೇನೂ ಅಲ್ಲ. ಆದರೆ ಮ್ಯಾನೇಜರ್ ಒಂದು ದಿನ, "ಮುಂದೆ ಕೂರೋರ ಮುಖ ನೀಟಾಗಿರ್ಬೇಕಮ್ಮಾ" ಎಂದರು. ಅಕ್ಕ ಮನೆಗೆ ಬಂದು ಊಟ ಮಾಡದೆ ಮಲಗಿದಳು. ಮಾರನೇ ದಿನ ನಮ್ಮ ಬೀದಿಯ ಕೊನೆಯ ಪಾರ್ಲರಿಗೆ ಹೋದಳು, ನನ್ನನ್ನೂ ಕರೆದುಕೊಂಡು.

ಪಾರ್ಲರ್ ಆಂಟಿ ನಗುಮುಖದ, ಮಾತಿನ ಮಲ್ಲಿ. ಅವಳ ಕನ್ನಡಿಯ ಸುತ್ತ ಹೆಂಗಸರ ಫೋಟೋಗಳು ಅಂಟಿದ್ದವು. ಎಲ್ಲರದೂ ನುಣುಪಾದ, ತಣ್ಣನೆಯ ಕೆನ್ನೆ.

"ಇವ್ರೆಲ್ಲ ನನ್ ಡಬ್ಬಿ ಹಚ್ಚಿದೋರು. ನೋಡಮ್ಮಾ, ಒಂದಾದ್ರೂ ಕಲೆ ಇದ್ಯಾ?" ಎಂದು ಆಂಟಿ ಒಂದು ಬಿಳಿ ಡಬ್ಬಿ ಕೊಟ್ಟಳು. ಅದರ ಮೇಲೆ ಹೆಸರಿಲ್ಲ, ಚೀಟಿಯಿಲ್ಲ. ಅಕ್ಕ ಆ ಫೋಟೋಗಳನ್ನೇ ನೋಡುತ್ತ ನಿಂತಳು. ಅವಳ ಕಣ್ಣಿನಲ್ಲಿದ್ದ ಆಸೆ ನನಗೆ ಇವತ್ತಿಗೂ ನೆನಪಿದೆ.

ಡಬ್ಬಿ ಮೊದಲು ಪವಾಡವನ್ನೇ ಮಾಡಿತು. ಒಂದು ವಾರದಲ್ಲಿ ಗಲ್ಲದ ಗುಳ್ಳೆ ಇಂಗಿ ಹೋದವು, ಮುಖ ಬೆಳ್ಳಗಾಯಿತು. ಅಮ್ಮ ಬೀಗಿದಳು. ನನಗೂ ಸ್ವಲ್ಪ ಕೊಡೆಂದು ಗೋಗರೆದೆ, ಅಕ್ಕ ಕೊಡಲಿಲ್ಲ. ಅವಳ ಆ ಜಿಪುಣತನ ನನ್ನನ್ನು ಉಳಿಸಿತು.

ಆಮೇಲೆ ಬೀದಿಯ ಮುಖಗಳು ಬದಲಾಗತೊಡಗಿದವು. ಎದುರುಮನೆಯ ಸೊಸೆ, ಔಷಧಿ ಅಂಗಡಿಯವನ ಹೆಂಡತಿ, ಟೈಪಿಂಗ್ ಕಲಿಸುವ ಮಿಸ್ಸು, ಎಲ್ಲರೂ ದುಪಟ್ಟಾ ಸುತ್ತಿಕೊಂಡು ಕಣ್ಣಷ್ಟೇ ಬಿಟ್ಟುಕೊಂಡು ನಡೆಯತೊಡಗಿದರು. ನಡುಮಧ್ಯಾಹ್ನದಲ್ಲಿ ಎದುರಿನಿಂದ ಬರುವವಳು ಯಾರೆಂದು ತಿಳಿಯದೆ ನಾನು ಸುಮ್ಮನೆ ನಗುತ್ತಿದ್ದೆ. ಅವಳು ನಕ್ಕಳೋ ಇಲ್ಲವೋ ಬಟ್ಟೆಯ ಹಿಂದೆ ಕಾಣುತ್ತಿರಲಿಲ್ಲ. ಗಾಳಿಗೆ ಬಟ್ಟೆ ಸರಿದಾಗ ಒಳಗೆ ಕಂಡದ್ದು ಹೊಳೆಯುವ, ಕೆಂಪೇರಿದ, ತೆಳ್ಳಗಿನ ಚರ್ಮ.

"ಏನೋ ಸರಿಯಿಲ್ಲ" ಎಂದಳು ಚಿಕ್ಕಮ್ಮ ಒಂದು ಸಂಜೆ, ತಟ್ಟೆಯ ಮುಂದೆ ಕೂತು. "ಇವತ್ತು ಬಂದವಳ ಮುಖ ನಿನ್ನೆ ಬಂದವಳ ಹಾಗೇ ಇತ್ತು. ಮೊನ್ನೆ ಬಂದವಳದೂ ಅದೇ. ಮೊಡವೆ ಅಂದ್ರೆ ಅಜ್ಜಿ, ಅಮ್ಮ, ಮಗು ಇರ್ಬೇಕಲ್ವಾ? ಇವ್ರ ಮುಖದಲ್ಲಿ ಎಲ್ಲಾ ಒಂದೇ ಗಾತ್ರ, ಒಂದೇ ವಯಸ್ಸು. ಎಲ್ಲಾ ಒಂದೇ ದಿನ ಹುಟ್ಟಿದ ಹಾಗೆ."

"ನೀನೊಬ್ಳು, ಅನ್ನದ ಮುಂದೆ ಅದೇ ಮಾತು" ಎಂದು ಅಮ್ಮ ಗದರಿದಳು. ಅಕ್ಕ ಆಗಲೇ ಎದ್ದು ಹೋಗಿದ್ದಳು. ಬಚ್ಚಲಿನಿಂದ ಡಬ್ಬಿಯ ಮುಚ್ಚಳ ತೆರೆದ ಸದ್ದು ಕೇಳಿತು, ಟಕ್ ಎಂದು.

ಆ ಸದ್ದು ನಮ್ಮ ಮನೆಯಲ್ಲಿ ಹೆಚ್ಚುತ್ತ ಹೋಯಿತು. ಮೊದಲು ಬೆಳಗ್ಗೆ ಒಮ್ಮೆ, ಆಮೇಲೆ ಸಂಜೆಯೂ, ಕೊನೆಗೆ ಹೊತ್ತುಗೊತ್ತಿಲ್ಲದೆ. ಅಕ್ಕನ ಕೆನ್ನೆ ತುಂಬ ಒಂದೇ ಅಳತೆಯ ಕೆಂಪು ಕಾಳು ಎದ್ದವು, ನಡುವೆ ದಾರದಂಥ ಕೆಂಪು ಗೆರೆಗಳು, ಕಿವಿಯ ಮುಂದೆ ನವಿರು ಕೂದಲು. ಹಚ್ಚುವುದು ತಡವಾದರೆ ಉರಿ, ಹಚ್ಚಿದರೆ ಹಾಯ್. ಬಿಸಿಲು ತಾಗಬಾರದು ಎಂದು ಮನೆಯ ಪರದೆಗಳನ್ನೆಲ್ಲ ಎಳೆದಳು. ಹಗಲಲ್ಲೂ ನಾವು ನಸುಗತ್ತಲಲ್ಲಿ ಓಡಾಡಿದೆವು. ಕನ್ನಡಿಯ ಮೇಲೆ ಟವೆಲ್ಲು ಬಿತ್ತು. ಡಾಕ್ಟರಮ್ಮನ ಹತ್ತಿರ ಹೋಗೋಣ ಎಂದು ಚಿಕ್ಕಮ್ಮ ಅಂದಾಗಲೆಲ್ಲ, "ಕಾಯಂ ಆಗ್ಲಿ, ಆಮೇಲೆ" ಎನ್ನುತ್ತಿದ್ದಳು. ದಪ್ಪಗೆ ಪೌಡರು ಬಳಿದು ಕೆಲಸಕ್ಕೆ ಹೋಗುತ್ತಿದ್ದಳು. ನನಗೆ ನಿಜವಾಗಿ ಭಯವಾಗುತ್ತಿತ್ತು. ಒಳಕೋಣೆಯ ಮಬ್ಬಿನಲ್ಲಿ ಅವಳು ಹಠಾತ್ತನೆ ತಿರುಗಿದರೆ, ಇದು ನಮ್ಮ ಬೀದಿಯ ಯಾವ ಹೆಂಗಸು ಎಂದು ಒಂದು ಕ್ಷಣ ತಬ್ಬಿಬ್ಬಾಗುತ್ತಿದ್ದೆ.

ಕಾಯಂ ಮಾಡುವ ಕಾಗದಪತ್ರಕ್ಕೆ ಪಾಸ್‌ಪೋರ್ಟ್ ಸೈಜಿನ ಫೋಟೋ ಬೇಕಾಯಿತು. ಅಕ್ಕ ಸ್ಟುಡಿಯೋಗೆ ಹೋದಳು. ಅದೇ ಬೆಳಗ್ಗೆ ಶಿಶುವಿಹಾರದ ಟೀಚರೊಬ್ಬಳೂ ಗುರುತಿನ ಚೀಟಿಯ ಫೋಟೋಗೆ ಬಂದಿದ್ದಳು. ಅವಳೂ ಡಬ್ಬಿಯವಳೇ. ಸ್ಟುಡಿಯೋದ ಯಜಮಾನರು ಇಬ್ಬರನ್ನೂ ನೀಲಿ ಪರದೆಯ ಮುಂದೆ ಕೂರಿಸಿ, ಕಿವಿ ಕಾಣುವಂತೆ ಕೂದಲು ಹಿಂದಕ್ಕೆ ಕಟ್ಟಿಸಿ ತೆಗೆದರು. ಹಿಂದಿನ ಕೋಣೆಯಲ್ಲಿ ಎರಡು ಮುಖಗಳೂ ಚಿಕ್ಕಮ್ಮನ ಕಂಪ್ಯೂಟರ್ ಪರದೆಗೆ ಬಂದವು. ಒಂದೇ ಪಾರ್ಲರಿನ ಹುಬ್ಬು, ಒಂದೇ ಊತ, ಒಂದೇ ಕಾಳುಗಳು. ಎರಡರಲ್ಲೂ ಎತ್ತಿಕೊಳ್ಳಲು ಚೊಕ್ಕ ಚರ್ಮವಿಲ್ಲ. ಅವಳು ಹೆಪ್ಪು ತೆರೆದಳು. ಅಕ್ಕನ ಮುಖಕ್ಕೆ ಅಕ್ಕನದೇ ಹಳೆಯ ಕೆನ್ನೆ ಎರವಲು ಕೊಡುವಾಗ ಕೈ ತಣ್ಣಗಾಯಿತು ಎಂದು ಆಮೇಲೆ ಹೇಳಿದಳು. ಬೇಗ ಮುಗಿದರೆ ಸಾಕೆಂದು ಸವರಿ, ಪ್ರಿಂಟ್ ಹಾಕಿ, ಕತ್ತರಿಸಿ, ಎರಡು ಕವರಿಗೆ ಹಾಕಿದಳು.

ತನ್ನ ಮುಖ ನೋಡಲಾರದ ಅಕ್ಕ ಕವರು ತಂದು, ಬಿಚ್ಚದೆಯೇ ಅಮ್ಮನ ಕೈಗಿಟ್ಟಳು. ಅಮ್ಮ ಫೋಟೋ ಹಿಡಿದು, "ಎಷ್ಟು ಲಕ್ಷಣವಾಗಿ ಬಂದಿದೀಯೇ" ಎಂದಳು. ಅಪ್ಪ, "ಈ ಫೋಟೋ ನೋಡಿದ್ರೆ ಮ್ಯಾನೇಜರ್ರೇ ಎದ್ದು ನಿಂತ್ಕೋತಾನೆ" ಎಂದ. ನಾನೂ ನೋಡಿದೆ. ಚೆನ್ನಾಗಿದೆ ಅಂದೆ. ಒಂದನ್ನು ಅಮ್ಮ ತನ್ನ ಪರ್ಸಿನಲ್ಲಿಟ್ಟುಕೊಂಡಳು.

ಸ್ವಲ್ಪ ದಿನ ಕಳೆದು ಒಬ್ಬ ಗಂಡಸು ಸ್ಟುಡಿಯೋಗೆ ಬಂದ. ಗಡ್ಡ ಬಂದಿತ್ತು, ಅಂಗಿಯ ಗುಂಡಿ ಮೇಲೆಕೆಳಗಾಗಿತ್ತು. ಯಜಮಾನರು ಊಟಕ್ಕೆ ಹೋಗಿದ್ದರಿಂದ ಚಿಕ್ಕಮ್ಮನೇ ಕೌಂಟರಿಗೆ ಬಂದಳು. ಅವನು ಜೇಬಿನಿಂದ ಸ್ಟುಡಿಯೋದ ಕವರು ತೆಗೆದ.

"ದೊಡ್ಡದು ಮಾಡಿಕೊಡಿ ಮೇಡಂ, ಗೋಡೆಗೆ ಹಾಕೋ ಹಾಗೆ. ನನ್ ಹೆಂಡ್ತೀದು. ಹೋದ ವಾರ ಬಸ್ಸಿಗೆ ಸಿಕ್ಕಿ ಹೋಗ್ಬಿಟ್ಳು. ಅವಳ ಬ್ಯಾಗಲ್ಲಿ ಇದೊಂದೇ ಇತ್ತು, ಅವಳು ಬಿಚ್ಚೂ ನೋಡಿರ್ಲಿಲ್ಲ."

ಚಿಕ್ಕಮ್ಮ ಫೋಟೋ ಹೊರತೆಗೆದಳು. ಎಡಗಿವಿಯ ಹಾಲೆ ಸೀಳಿತ್ತು. ಅವಳು ಎಂದೂ ಕಿವಿಗೆ ಟಚಿಂಗ್ ಮಾಡಿದವಳಲ್ಲ.

ಅವಳಿಗೆ ಏನೂ ಹೊಳೆಯಲಿಲ್ಲವಂತೆ. ಎದುರಿಗೆ ಒಬ್ಬ ಇವಳು ಸತ್ತಳು ಎನ್ನುತ್ತಿದ್ದಾನೆ, ಕೈಯಲ್ಲಿ ಅಕ್ಕನ ಫೋಟೋ ಇದೆ, ಅಷ್ಟೇ. "ವಾರ ಬಿಟ್ಟು ಬನ್ನಿ" ಎಂದು ಹೇಗೋ ಹೇಳಿ, ಅವನು ಮೆಟ್ಟಿಲು ಇಳಿದದ್ದೇ ತಡ, ಬಾಗಿಲು ಎಳೆದುಕೊಂಡು ಓಡಿದಳು. ಉರಿಬಿಸಿಲಲ್ಲಿ ಬಂದು ಚಪ್ಪಲಿ ಸಮೇತ ಮನೆಯೊಳಗೆ ನುಗ್ಗಿದಳು.

"ಎಲ್ಲಿ ಅವಳು? ಎಲ್ಲಿ?"

ಅಂದು ಅಕ್ಕನಿಗೆ ರಜೆ. ಒಳಗಿನಿಂದ ಬಂದಳು. ಚಿಕ್ಕಮ್ಮ ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದಳು.

"ಬಿಡು ಚಿಕ್ಕಮ್ಮ, ಉರಿಯತ್ತೆ!"

ಆ ಕೂಗು ಕೇಳಿದ ಮೇಲೆ ಚಿಕ್ಕಮ್ಮನಿಗೆ ಉಸಿರು ಬಂತು. ನೆಲದ ಮೇಲೆ ಕುಸಿದು ಕೂತು, "ಫೋಟೋ ತನ್ನಿ, ಅವತ್ತಿನ ಫೋಟೋ" ಎಂದಳು. ಅಮ್ಮ ಪರ್ಸಿನಿಂದ ತೆಗೆದುಕೊಟ್ಟಳು.

"ಅಕ್ಕಾ, ಇದು ಯಾರೇ?" ಎಂದು ಅಮ್ಮನನ್ನು ಕೇಳಿದಳು.

"ಇದೇನ್ ಕೇಳ್ತಿ, ನನ್ ಮಗಳಲ್ದೆ ಇನ್ಯಾರು?"

ಚಿಕ್ಕಮ್ಮ ಎದ್ದು ಪರದೆ ಸರಿಸಿದಳು. ಎಷ್ಟೋ ದಿನಗಳ ಮೇಲೆ ಆ ಕೋಣೆಗೆ ಬಿಸಿಲು ಬಿತ್ತು. "ಈಗ ಕಿವಿ ನೋಡು."

ಅಮ್ಮ ನೋಡಿದಳು. ಫೋಟೋದಲ್ಲಿದ್ದ ಕಿವಿ ದುಂಡಗಿತ್ತು, ಹಾಲೆ ಇಡಿಯಾಗಿತ್ತು. ಅಮ್ಮ ಫೋಟೋ ನೋಡಿ, ಅಕ್ಕನನ್ನು ನೋಡಿ, ಮತ್ತೆ ಫೋಟೋ ನೋಡಿದಳು. ಹೆತ್ತವಳು ಯಾರೋ ಹೆಂಗಸನ್ನು ಮಗಳೆಂದುಕೊಂಡು ಪರ್ಸಿನಲ್ಲಿ ಹೊತ್ತು ತಿರುಗಿದ್ದಳು, ಆ ಹೆಂಗಸು ಈಗ ಬದುಕಿರಲಿಲ್ಲ. ಅಪ್ಪನಿಗೆ ಅಂದು ಒಂದು ತಮಾಷೆಯೂ ಹೊಳೆಯಲಿಲ್ಲ.

"ಇವಳದೂ ಆ ಟೀಚರಿಂದೂ ಕವರು ಅದಲುಬದಲಾಗಿದೆ" ಎಂದಳು ಚಿಕ್ಕಮ್ಮ. "ನಾನು ಚರ್ಮ ನೋಡ್ತಿದ್ದೆ. ಮುಖ ನೋಡ್ಲೇ ಇಲ್ಲ."

ಮಾರನೇ ಬೆಳಗ್ಗೆ ಅಕ್ಕ ಹೂಂ ಅನ್ನದಿದ್ದರೂ ಚಿಕ್ಕಮ್ಮ ಅವಳನ್ನು ಎಳೆದುಕೊಂಡೇ ಡಾಕ್ಟರಮ್ಮನ ಹತ್ತಿರ ಹೋದಳು. ನಾನೂ ಜೊತೆಗಿದ್ದೆ. ಡಾಕ್ಟರಮ್ಮ ಡಬ್ಬಿಯನ್ನು ತೆರೆದು ಮೂಸಿ, ಮೇಜಿನ ಖಾನೆ ಎಳೆದು ತೋರಿಸಿದರು. ಒಳಗೆ ಅಂಥವೇ ಬಿಳಿ ಡಬ್ಬಿಗಳು.

"ಎಲ್ಲಾ ನಿಮ್ ಬೀದಿ ಕಡೆಯವ್ರೇ ತಂದಿದ್ದು. ಪರೀಕ್ಷೆಗೆ ಕಳ್ಸಿದ್ದೆ, ನಿನ್ನೆ ಉತ್ತರ ಬಂತು. ಇದ್ರಲ್ಲಿ ಸ್ಟೀರಾಯ್ಡ್ ಇದೆಯಮ್ಮಾ. ಚರ್ಮದ ಕೆಲವು ಕಾಯಿಲೆಗೆ ನಾವೇ ಕೊಡ್ತೀವಿ, ಸ್ವಲ್ಪ ದಿನಕ್ಕೆ, ಅಳತೆ ನೋಡಿ. ಮುಖಕ್ಕೆ ತಿಂಗಳುಗಟ್ಟಲೆ ಹಚ್ಚಿದ್ರೆ ಮೊದಲು ಊತ ಇಳಿದು ಮುಖ ಹೊಳೆಯತ್ತೆ. ಆಮೇಲೆ ಚರ್ಮ ತೆಳುವಾಗತ್ತೆ, ಹೀಗೆ ಒಂದೇ ಥರದ ಗುಳ್ಳೆ ಎಲ್ಲಾ ಒಟ್ಟಿಗೇ ಏಳತ್ತೆ."

"ನಂಗೆ ಮೊದಲು ಬಂದಿದ್ದು?" ಅಕ್ಕ ನೆಲ ನೋಡುತ್ತ ಕೇಳಿದಳು.

"ಗಲ್ಲದಲ್ಲಿ ತಿಂಗಳಿಗೊಮ್ಮೆ ಅಲ್ವಾ? ಅದು ಸಾಮಾನ್ಯವಾದ್ದು. ಅದಕ್ಕೆ ಔಷಧಿ ಇತ್ತು." ಅವರು ಅಕ್ಕನ ಕೈ ಹಿಡಿದರು. "ಈಗ ಇದನ್ನ ಬಿಡಿಸ್ಬೇಕು. ಬಿಟ್ಟ ಮೇಲೆ ಇದಕ್ಕಿಂತ ಜಾಸ್ತಿ ಏಳತ್ತೆ, ಉರಿಯತ್ತೆ. ಆಗ ಹೆದರಿ ಮತ್ತೆ ಹಚ್ಕೊಂಡ್ರೆ ಮುಗೀತು, ಆಮೇಲೆ ಬಿಡೋಕಾಗಲ್ಲ. ನಾನು ಕೊಡೋದನ್ನ ಮಾತ್ರ ಹಚ್ಚು, ವಾರವಾರ ಬಾ."

ಅಲ್ಲಿಂದ ಚಿಕ್ಕಮ್ಮ ನೇರವಾಗಿ ಪಾರ್ಲರಿಗೆ ಹೊರಟಳು, ಜಗಳಕ್ಕೆಂದೇ. ಹಗಲಾದರೂ ಒಳಗೆ ದೀಪವಿರಲಿಲ್ಲ. ಕನ್ನಡಿಯ ಮುಂದೆ ಆಂಟಿ ಬೆನ್ನು ಹಾಕಿ ಕೂತಿದ್ದಳು. ಚಿಕ್ಕಮ್ಮ ಬಾಯಿ ತೆರೆಯುವ ಮೊದಲೇ ಅವಳ ಕಣ್ಣು ಕನ್ನಡಿಯ ಸುತ್ತಲಿನ ಫೋಟೋಗಳ ಮೇಲೆ ಬಿತ್ತು. ಅವೆಲ್ಲ ಚಿಕ್ಕಮ್ಮನದೇ ಕೈಕೆಲಸ. ಊರಿನ ಅಷ್ಟೂ ಹೆಂಗಸರು ಅಕ್ಕನ ಕೆನ್ನೆ ತೊಟ್ಟುಕೊಂಡು ನಮ್ಮನ್ನೇ ನೋಡುತ್ತಿದ್ದರು.

ಆಂಟಿ ತಿರುಗಿದಳು. ಪೌಡರು ಇಲ್ಲದ ಅವಳ ಮುಖ ನಮ್ಮ ಬೀದಿಯ ಎಲ್ಲರಿಗಿಂತ ಕೆಟ್ಟಿತ್ತು.

"ಗೊತ್ತು, ಯಾಕ್ ಬಂದ್ರಿ ಅಂತ" ಎಂದಳು. "ದೊಡ್ಡ ಡಬ್ಬದಲ್ಲಿ ತಂದುಕೊಡ್ತಿದ್ದ ಏಜೆಂಟು ಫೋನೇ ಎತ್ತಲ್ಲ. ನಾನೂ ಬಿಡೋಕೆ ನೋಡ್ದೆ. ಆಗ್ತಿಲ್ಲ, ಟಚಪ್ ಅಕ್ಕ." ಚಿಕ್ಕಮ್ಮ ಕನ್ನಡಿಯ ಸುತ್ತಲಿನ ಫೋಟೋಗಳನ್ನು ಒಂದೊಂದಾಗಿ ಕಿತ್ತು ಸೆರಗಿಗೆ ಹಾಕಿಕೊಂಡು, ಡಾಕ್ಟರಮ್ಮನ ವಿಳಾಸ ಹೇಳಿ ಹೊರಗೆ ಬಂದಳು.

ಡಬ್ಬಿ ಬಿಟ್ಟ ಮೇಲೆ ಡಾಕ್ಟರಮ್ಮ ಹೇಳಿದ್ದೆಲ್ಲ ಬಂತು. ಅಕ್ಕನ ಮುಖ ಊದಿ ಕಣ್ಣು ಕಿರಿದಾಯಿತು. ಹಳೆಯ ಕಾಳುಗಳ ಮೇಲೆ ಕೀವಿನ ಗುಳ್ಳೆ, ಗಲ್ಲದಲ್ಲಿ ಗಂಟುಗಳು. ದಿಂಬಿಗೆ ಕೆನ್ನೆ ತಾಗಿಸಲಾರದೆ ಕೂತೇ ಇರುತ್ತಿದ್ದಳು. ಹೋಟೆಲಿಗೆ ಹೋಗಲಿಲ್ಲ. ಅಲ್ಲಿಂದ ಎರಡು ಸಲ ಫೋನ್ ಬಂತು, ಆಮೇಲೆ ಅದೂ ನಿಂತಿತು. ನಾನು ಅವಳ ಪಕ್ಕದಲ್ಲೇ ಇರುತ್ತಿದ್ದೆ. ಅವಳು ಮತ್ತೆ ಆ ಬಿಳಿ ಮುಖದವಳಾಗಿ ಹೋದರೆ ಇನ್ನು ಸಿಗುವುದಿಲ್ಲ ಎಂದು ನನಗೆ ಬಲವಾಗಿ ಅನ್ನಿಸಿಬಿಟ್ಟಿತ್ತು.

ಒಂದು ಬೆಳಗ್ಗೆ ಚಿಕ್ಕಮ್ಮ ಕೆಲಸಕ್ಕೆ ಹೊರಟು ಬಾಗಿಲಲ್ಲಿದ್ದಾಗ ಬಚ್ಚಲಿನಿಂದ ಸದ್ದು ಬಂತು. ಟಕ್.

ಚಿಕ್ಕಮ್ಮ ಬಾಗಿಲು ತಳ್ಳಿದಳು. ಅಕ್ಕನ ಬೆರಳ ತುದಿಯಲ್ಲಿ ಬಿಳಿ ಮುಲಾಮು, ಇನ್ನೂ ಕೆನ್ನೆಗೆ ತಾಗಿರಲಿಲ್ಲ. ಎಲ್ಲಿ ಬಚ್ಚಿಟ್ಟಿದ್ದಳೋ, ಇನ್ನೊಂದು ಡಬ್ಬಿ.

"ಒಂದ್ಸಲ ಚಿಕ್ಕಮ್ಮ, ಒಂದೇ ಒಂದ್ಸಲ" ಎಂದು ಅಕ್ಕ ಅತ್ತಳು. "ಆ ಪಾರ್ಲರ್ ಕನ್ನಡಿ ಸುತ್ತ ಇದ್ರಲ್ಲ, ಅವ್ರ ಹಾಗಾದ್ರೆ ಸಾಕು ನಂಗೆ. ಅವ್ರ ಕೆನ್ನೆ ಹೇಗಿತ್ತು ನೋಡಿದ್ಯಲ್ಲ. ನಂಗ್ಯಾಕೆ ಹಾಗಾಗಲ್ಲ?"

ಚಿಕ್ಕಮ್ಮ ಆ ಬೆರಳನ್ನು ತನ್ನ ಸೆರಗಿನಿಂದ ಒರೆಸಿದಳು. "ಬಾ ನನ್ ಜೊತೆ" ಎಂದಳು. ದುಪಟ್ಟಾ ಸುತ್ತಿದ ಅಕ್ಕನನ್ನು ನಾವಿಬ್ಬರೂ ನಡುವೆ ಹಿಡಿದುಕೊಂಡು ಸ್ಟುಡಿಯೋದ ಹಿಂದಿನ ಕೋಣೆಗೆ ಕರೆತಂದೆವು. ಚಿಕ್ಕಮ್ಮ ಕಂಪ್ಯೂಟರ್ ಹಾಕಿ ಹೆಪ್ಪು ತೆರೆದಳು. ಕಣ್ಣಿಲ್ಲದ, ಬಾಯಿಲ್ಲದ ಆ ತುಂಡು ಪರದೆ ತುಂಬ ಹರಡಿಕೊಂಡಿತು.

"ಇದೇ" ಎಂದಳು ಅಕ್ಕ ತಕ್ಷಣ. "ಇದೇ ಕೆನ್ನೆ. ಯಾರ್ದು ಇದು?"

"ನಿಂದು ಕಣೇ" ಎಂದಳು ಚಿಕ್ಕಮ್ಮ. "ಕಾಲೇಜಿಗೆ ಸೇರಿದ ವರ್ಷ ತೆಗೆದಿದ್ದು. ಎಲ್ರ ಮುಖಕ್ಕೂ ನಿನ್ನ ಕೆನ್ನೇನೇ ಹಾಕ್ದೆ ನಾನು. ಅದನ್ನ ನೋಡಿ ನೀನು ಆ ಡಬ್ಬಿ ಹಚ್ಕೊಂಡೆ. ನಿಂದೇ ಬೇಕು ಅಂತ ನಿಂದನ್ನೇ ಸುಟ್ಕೊಂಡೆಯಲ್ಲೇ."

ಫ್ಯಾನು ಕುತ್ತಿಗೆ ತಿರುಗಿಸುತ್ತಿತ್ತು. ಅಕ್ಕ ಪರದೆಯ ಕಡೆ ಕೈ ಚಾಚಿ, ಮುಟ್ಟದೆಯೇ ಹಿಂದೆ ತೆಗೆದಳು.

ಅದೇ ಹೊತ್ತಿಗೆ ಹೊರಗೆ ಯಾರೋ ಕೌಂಟರಿನ ಗಾಜು ತಟ್ಟಿದರು. ಟೀಚರಿನ ಗಂಡ. ವಾರ ಮುಗಿದಿತ್ತು. ಚಿಕ್ಕಮ್ಮ ಸುತ್ತಿಟ್ಟಿದ್ದ ದೊಡ್ಡ ಫೋಟೋ ಎತ್ತಿಕೊಂಡು ಹೋದಳು. ನಾವು ಬಾಗಿಲ ಬಳಿ ನಿಂತೆವು.

"ತಪ್ಪು ನಂದು. ನೀವು ತಂದಿದ್ದು ನಿಮ್ ಹೆಂಡ್ತಿ ಫೋಟೋ ಅಲ್ಲ" ಎಂದಳು ಚಿಕ್ಕಮ್ಮ. "ನನ್ ಅಕ್ಕನ ಮಗಳದು. ಕವರು ಬದಲಾಗಿತ್ತು. ನಿಮ್ಮವ್ರದ್ದು ಇದು. ನಾನು ಏನೂ ಅಳ್ಸಿಲ್ಲ, ತೆಗೆದಾಗ ಹೇಗಿದ್ರೋ ಹಾಗೇ ಇದೆ. ಬೇಡ ಅಂದ್ರೆ ಹೇಳಿ."

ಅವನು ಕಾಗದ ಬಿಚ್ಚಿದ. ಕೆಂಪು ಕಾಳುಗಳು, ದಾರದಂಥ ಗೆರೆಗಳು, ಗಲ್ಲದ ಪಕ್ಕದ ಗಂಟು, ಎಲ್ಲ ಆಳೆತ್ತರಕ್ಕೆ ಬಂದಂತೆ ದೊಡ್ಡದಾಗಿ ಕಾಣುತ್ತಿದ್ದವು. ಅವನು ಕೂಗಾಡುತ್ತಾನೆ ಎಂದುಕೊಂಡೆ.

"ಈ ಗಂಟು" ಎಂದು ಅವನು ಬೆರಳಿಟ್ಟ. "ಮಾತಾಡುವಾಗೆಲ್ಲ ಕೈಯಲ್ಲಿ ಮುಚ್ಕೋತಿದ್ಲು. ಮನೇಲಿ ದೀಪ ಹಾಕೋಕೇ ಬಿಡ್ತಿರ್ಲಿಲ್ಲ. ಮುಖ ತೋರ್ಸೇ ಅಂದ್ರೆ ಜಗಳ. ಕೊನೇಗೆ ಹೇಗಿದ್ಲು ಅನ್ನೋದೇ ನಂಗೆ ನೆನಪಿಗೆ ಬರ್ತಿರ್ಲಿಲ್ಲ ಮೇಡಂ, ಅದಕ್ಕೇ ಆ ಫೋಟೋನೂ ಇವಳೇ ಅಂದ್ಕೊಂಡೆ." ಅವನು ಕೌಂಟರಿನ ಮೇಲೆ ಬಾಗಿದ. "ಹೂಂ. ಇವಳೇ. ಇವಳೇ ನೋಡಿ."

ಅವನು ಹೋದ ಮೇಲೆ ಅಕ್ಕ ದುಪಟ್ಟಾ ಬಿಚ್ಚಿದಳು. ನಡುಕೋಣೆಗೆ ಹೋಗಿ ನೀಲಿ ಪರದೆಯ ಮುಂದಿನ ಸ್ಟೂಲಿನ ಮೇಲೆ ಕೂತಳು.

"ನಂದೂ ಒಂದು ತೆಗಿ ಚಿಕ್ಕಮ್ಮ. ಏನೂ ಮುಟ್ಬೇಡ. ನಾಳೆ ಸತ್ರೆ ಇವಳು ನಾನೇ ಅಂತ ಗೊತ್ತಾಗ್ಬೇಕಲ್ಲ."

ಚಿಕ್ಕಮ್ಮ ಕೊಡೆ ದೀಪ ಹಾಕಿ ಕ್ಯಾಮೆರಾ ಹಿಡಿದಳು. ಅಂದು ಅವಳ ದೃಷ್ಟಿ ಕೆನ್ನೆಗೆ ಇಳಿಯಲಿಲ್ಲ. ಅಕ್ಕನ ಕಣ್ಣನ್ನೇ ನೋಡಿ ತೆಗೆದಳು. ಆಮೇಲೆ ಒಳಗೆ ಹೋಗಿ ಹೆಪ್ಪನ್ನು ಅಳಿಸಿದಳು.

ಅಕ್ಕನ ಮುಖ ತಿಳಿಯಾಗಲು ಒಂದು ವರ್ಷದ ಮೇಲಾಯಿತು. ಕಲೆ, ಗುಳಿ ಉಳಿದಿವೆ. ಈಗ ಅವಳು ಬೇರೆ ಕಡೆ ಕೆಲಸದಲ್ಲಿದ್ದಾಳೆ. ಚಿಕ್ಕಮ್ಮ ರಿಟೈರಾಗಿದ್ದಾಳೆ, ಕಣ್ಣು ಮಂಜು. ಕಂಪ್ಯೂಟರಿನಿಂದ ಹೋದ ಹೆಪ್ಪು ಊರಿನಿಂದ ಹೋಗಿಲ್ಲ. ಪರಿಚಯವಿಲ್ಲದ ಮನೆಗೆ ಹೋದಾಗ ನನ್ನ ಕಣ್ಣು ಮೊದಲು ಗೋಡೆಗೆ ಹೋಗುತ್ತದೆ. ಮದುವೆಯ ಫೋಟೋದಲ್ಲೋ, ತೀರಿಕೊಂಡವರ ಫೋಟೋದಲ್ಲೋ, ಕಾಣದ ಹೆಂಗಸಿನ ಮುಖದಿಂದ ಅಕ್ಕನ ಕೆನ್ನೆ ನನ್ನನ್ನು ನೋಡುತ್ತದೆ. ಬೆನ್ನು ಹಾಕಿ ಕೂರಲು ನನಗೆ ಆಗುವುದಿಲ್ಲ.

ನಮ್ಮ ಗೋಡೆಯ ಮೇಲೆ ಅಂದು ಸ್ಟೂಲಿನ ಮೇಲೆ ಕೂತು ತೆಗೆಸಿದ ಫೋಟೋ ಇದೆ. ಊದಿದ ಕಣ್ಣು, ಕೀವು, ಗಂಟು, ಸೀಳಿದ ಕಿವಿ ಎಲ್ಲ ಇದೆ. ಮನೆಗೆ ಬಂದವರು ಅದನ್ನು ಕಂಡು ಒಂದು ಕ್ಷಣ ಮುಖ ತಿರುಗಿಸುತ್ತಾರೆ. ಆದರೆ ಇದು ಯಾರು ಎಂದು ಇದುವರೆಗೆ ಯಾರೂ ಕೇಳಿಲ್ಲ.